ನೀರು, ನಾಡು ಮತ್ತು ವಿಧೇಯತೆ

ತನ್ನ ನಾಡಿನ ಶಾಸಕಾಂಗವಲ್ಲದ ಸಂಸ್ಥೆಯೊಂದು ವಿಧಿಸಿದ ಕಟ್ಟಳೆಗೆ ನಾಗರಿಕನು ತಲೆಬಾಗಬೇಕೆ ಎಂಬ ಪ್ರಶ್ನೆ ಮಂಡ್ಯ, ಮದ್ದೂರು, ಮಳವಳ್ಳಿಗಳ ರೈತನಿಗೆ ಕೃಷ್ಣರಾಜಸಾಗರದ ನೀರಿನ ಮಟ್ಟದಷ್ಟೇ ನಿಕಟವಾದುದು. ಕಾವೇರಿ ನ್ಯಾಯಾಧಿಕರಣ, ಅಂದರೆ ಅಂತರರಾಜ್ಯ ಜಲವಿವಾದ ತೀರ್ಮಾನಿಸಲು 1990ರಲ್ಲಿ ಕೇಂದ್ರವು ನೇಮಿಸಿದ ನ್ಯಾಯಮಂಡಳಿ, 1991ರ ಜೂನ್‌ನಲ್ಲಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಹರಿಯಬೇಕೆಂದಾಗ, ಕರ್ನಾಟಕವು ತನ್ನ ರೈತರ ರಕ್ಷಣೆಗೆಂದು ಸುಗ್ರೀವಾಜ್ಞೆ ಹೊರಡಿಸಿತು. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಲು ರಾಜ್ಯಕ್ಕೆ ಅಧಿಕಾರವಿಲ್ಲವೆಂದು ಸುಪ್ರೀಂ ಕೋರ್ಟ್ ಅದನ್ನು ಅಸಾಂವಿಧಾನಿಕವೆಂದು ಸಾರಿತು.

ಹೊರಗಿನ ಕಟ್ಟಳೆ ಬೇಡವಾದವರು ಕೆಲವೊಮ್ಮೆ ಅದರಿಂದ ಹೊರಬರಬಹುದು: ಯುರೋಪಿಯನ್ ಒಕ್ಕೂಟದ ಕಾನೂನಿಗೆ ಒಳಪಟ್ಟಿದ್ದ ಬ್ರಿಟನ್ 2020ರಲ್ಲಿ ಆ ಒಕ್ಕೂಟದಿಂದ ಹೊರನಡೆಯಿತು. ನದಿಗೆ ಅಂಥ ಬಾಗಿಲಿಲ್ಲ. ಆದ್ದರಿಂದ ಇಲ್ಲಿ ವಿಧೇಯತೆಯ ಆಧಾರವನ್ನು ಒಪ್ಪಿಗೆಯಲ್ಲಿ ಮಾತ್ರ ಹುಡುಕಿದರೆ ಸಾಲದು. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ಮಳವಳ್ಳಿ, ಮದ್ದೂರಿನ ಗದ್ದೆಗಳಿಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿಯಂತೆ ಬಿಡುವ ನೀರು ತಲುಪದಿದ್ದಾಗ, ಮೇಲ್ಭಾಗದವರು ತೂಬು ಮುಚ್ಚಬೇಕೆಂದು ಅಲ್ಲಿನವರು ಕೇಳುವುದು ದಾನವನ್ನಲ್ಲ, ಹಕ್ಕನ್ನು. ತಮಿಳುನಾಡಿನ ತಂಜಾವೂರಿನ ರೈತನ ಬೇಡಿಕೆಯೂ ತತ್ತ್ವತಃ ಅದೇ, ಗಡಿಯೊಂದು ನಡುವೆ ಬಂದ ಮಾತ್ರಕ್ಕೆ ಅದು ಬೇರೆಯಾಗದು.

ಆದರೆ ಮಳೆ ಕೈಕೊಟ್ಟ ವರ್ಷದಲ್ಲಿ ಕೊರತೆಯ ಪಾಲನ್ನು ಅಳೆಯುವವರು ಒಣಗುತ್ತಿರುವ ಕಬ್ಬು, ಭತ್ತಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಆದೇಶಕ್ಕೆ ಕಾನೂನಿನ ಬಲವಿದ್ದರೂ ನ್ಯಾಯದ ಬಲವಿರುವುದಿಲ್ಲ, ಮತ್ತು ಹೆದ್ದಾರಿಯಲ್ಲಿ ಕುಳಿತು ಪ್ರತಿಭಟಿಸುವ ರೈತನನ್ನು ದೇಶನಿಷ್ಠೆಯಿಲ್ಲದವನೆನ್ನುವುದು ಅನ್ಯಾಯ.