ಎಲ್ಲಾದರೂ ಸರಿ

ಹತ್ತು ಜನ ಸೇರಿ ನಾಟಕಕ್ಕೆ ಹೊರಟಾಗ ಅದಕ್ಕೆ ಮುಂಚೆ ಎಲ್ಲಿ ಊಟ ಮಾಡುವುದು ಎಂಬುದು ನೀತಿಯ ಪ್ರಶ್ನೆ ಎಂದರೆ ನಗುವವರೇ ಹೆಚ್ಚು. ಊರಿನಲ್ಲಿ ಇದು ಪ್ರಶ್ನೆಯೇ ಆಗಿರಲಿಲ್ಲ. ಮನೆಯಲ್ಲಿ ಬೇಗ ಉಂಡು, ಟಾರ್ಚು ಹಿಡಿದು ಆಟಕ್ಕೆ ಹೋದರೆ ಮುಗಿಯಿತು. ಮುಂಬಯಿಯಲ್ಲಿ ಹಾಗಾಗುವುದಿಲ್ಲ. ಒಬ್ಬರು ಡೊಂಬಿವಲಿಯಿಂದ ಬರಬೇಕು, ಇನ್ನೊಬ್ಬರು ವಾಶಿಯಿಂದ, ಮತ್ತೊಬ್ಬರು ಮೀರಾ ರೋಡಿನಿಂದ. ನಾಟಕ ಮುಗಿದ ಮೇಲೆ ಉಣ್ಣೋಣ ಎಂದರೆ ರಾತ್ರಿ ಹತ್ತು ಕಳೆದಿರುತ್ತದೆ, ಅರ್ಧ ಜನರ ಮನಸ್ಸು ಆಗಲೇ ಲೋಕಲ್ ರೈಲು ಹತ್ತಿರುತ್ತದೆ. ಆದ್ದರಿಂದ ಊಟ ಮೊದಲು. ನಿಜ ಹೇಳಬೇಕೆಂದರೆ, ನಮ್ಮಲ್ಲಿ ಕೆಲವರಿಗೆ ನಾಟಕ ನೆಪ. ಎರಡು ಗಂಟೆ ಕನ್ನಡದಲ್ಲಿ ಹರಟಿಕೊಂಡು ಒಂದೇ ಮೇಜಿನಲ್ಲಿ ಉಣ್ಣುವುದೇ ಮುಖ್ಯ ಕಾರ್ಯಕ್ರಮ.

ಎಲ್ಲಿ ಹೋಗೋಣ ಎಂದು ವಾಟ್ಸ್ಯಾಪ್ ಗ್ರೂಪಿನಲ್ಲಿ ಕೇಳಿದರೆ ಬರುವ ಮೊದಲ ಆರು ಉತ್ತರಗಳೂ ಒಂದೇ: ‘ಎಲ್ಲಾದರೂ ಸರಿ ಸಾರ್, ನೀವೇ ನೋಡಿ.’ ಇದು ಸಜ್ಜನರ ಮಾತು. ಆದರೆ ಈ ಮಾತಿನ ಒಳಗೆ ಏನೇನಿದೆ ಎಂದು ಬಿಚ್ಚಿ ನೋಡುವುದು ಒಳ್ಳೆಯದು.

ಅಮರ್ತ್ಯ ಸೇನ್ 1977ರಲ್ಲಿ ಬರೆದ ‘ರ‍್ಯಾಷನಲ್ ಫೂಲ್ಸ್’ ಎಂಬ ಪ್ರಬಂಧದಲ್ಲಿ ಇಬ್ಬರು ಹುಡುಗರ ಒಂದು ಕಥೆ ಬರುತ್ತದೆ. ಅವರಿಗೆ ಎರಡು ಸೇಬು ಸಿಗುತ್ತವೆ, ಒಂದು ದೊಡ್ಡದು, ಒಂದು ಚಿಕ್ಕದು. ಮೊದಲನೆಯವನು ನೀನೇ ಆರಿಸಿಕೋ ಎನ್ನುತ್ತಾನೆ. ಎರಡನೆಯವನು ಹಿಂದೆಮುಂದೆ ನೋಡದೆ ದೊಡ್ಡದನ್ನು ಎತ್ತಿಕೊಳ್ಳುತ್ತಾನೆ. ಮೊದಲನೆಯವನಿಗೆ ಸಿಟ್ಟು ಬರುತ್ತದೆ. ನೀನಾಗಿದ್ದರೆ ಯಾವುದನ್ನು ತೆಗೆದುಕೊಳ್ಳುತ್ತಿದ್ದೆ ಎಂದು ಎರಡನೆಯವನು ಕೇಳಿದರೆ, ಚಿಕ್ಕದನ್ನೇ ಎಂಬ ಉತ್ತರ. ಹಾಗಿದ್ದರೆ ಚಿಕ್ಕದೇ ನಿನಗೆ ಸಿಕ್ಕಿದೆಯಲ್ಲ, ಮತ್ತೇನು ತಕರಾರು? ತರ್ಕಕ್ಕೆ ಇಲ್ಲಿ ತಕರಾರಿಲ್ಲ. ಆದರೂ ಮೊದಲನೆಯವನಿಗೆ ನೋವಾದದ್ದು ಸುಳ್ಳಲ್ಲ. ನೀನೇ ಆರಿಸು ಎಂದಾಗ ಅವನು ಬಿಟ್ಟುಕೊಟ್ಟದ್ದು ಸೇಬನ್ನಲ್ಲ, ನನ್ನನ್ನೂ ನೆನಪಿಟ್ಟುಕೊಂಡು ಆರಿಸು ಎಂಬ ಜವಾಬ್ದಾರಿಯನ್ನು.

‘ಎಲ್ಲಾದರೂ ಸರಿ’ ಎಂಬುದೂ ಹೀಗೆಯೇ. ಕೆಲವರಿಗೆ ನಿಜವಾಗಿಯೂ ಎಲ್ಲಾದರೂ ಸರಿ. ಅಂಥವರು ಪುಣ್ಯವಂತರು, ಬಹಳ ಕಡಿಮೆ. ಕೆಲವರಿಗೆ ಅದು ದಾಕ್ಷಿಣ್ಯ. ಕೆಲವರಿಗೆ ಅದು ಜಾಣತನ, ಊಟ ಚೆನ್ನಾಗಿಲ್ಲದಿದ್ದರೆ ಬೈಯಲು ಒಬ್ಬ ಬೇಕಲ್ಲ. ಇನ್ನು ಕೆಲವರಿಗೆ ಎಲ್ಲಾದರೂ ಖಂಡಿತ ಸರಿಯಲ್ಲ, ಆದರೆ ಯಾಕೆ ಸರಿಯಲ್ಲ ಎಂದು ನಾಲ್ಕು ಜನರ ಎದುರು ಹೇಳಲು ಬಾಯಿ ಬರುವುದಿಲ್ಲ. ನನ್ನ ಆಸಕ್ತಿ ಇರುವುದು ಈ ಕೊನೆಯವರಲ್ಲಿ.

ಮತ ಹಾಕಿಸಿದರೆ ಆಯಿತಲ್ಲ ಎನ್ನಬಹುದು. ಗ್ರೂಪಿನಲ್ಲಿ ಪೋಲ್ ಹಾಕುವುದು ಈಗ ಎರಡು ಸೆಕೆಂಡಿನ ಕೆಲಸ. ಮೂರು ಜನ, ಮೂರು ಹೋಟೆಲು ಎಂದುಕೊಳ್ಳಿ. ಮೊದಲನೆಯವರಿಗೆ ಮೀನೂಟ, ಅದಾಗದಿದ್ದರೆ ದೋಸೆ, ಕೊನೆಗೆ ಇರಾನಿ. ಎರಡನೆಯವರಿಗೆ ದೋಸೆ, ಆಮೇಲೆ ಇರಾನಿ, ಕೊನೆಗೆ ಮೀನು. ಮೂರನೆಯವರಿಗೆ ಇರಾನಿ, ಆಮೇಲೆ ಮೀನು, ಕೊನೆಗೆ ದೋಸೆ. ಈಗ ಎರಡೆರಡನ್ನೇ ಎದುರುಬದುರು ನಿಲ್ಲಿಸಿ ನೋಡಿ: ದೋಸೆಯನ್ನು ಮೀನು ಸೋಲಿಸುತ್ತದೆ, ಇರಾನಿಯನ್ನು ದೋಸೆ ಸೋಲಿಸುತ್ತದೆ, ಮೀನನ್ನು ಇರಾನಿ ಸೋಲಿಸುತ್ತದೆ. ಸುತ್ತು ಮುಗಿಯುವುದೇ ಇಲ್ಲ. ಫ್ರಾನ್ಸಿನ ಕೊಂಡೊರ್ಸೆ ಇದನ್ನು 1785ರಲ್ಲೇ ತೋರಿಸಿದ್ದ. ಆದರೆ ಪೋಲಿನ ನಿಜವಾದ ದೋಷ ಇದಲ್ಲ. ಇಂಥ ಸುತ್ತು ಬಿದ್ದರೆ ಚೀಟಿ ಎತ್ತಬಹುದು. ದೋಷ ಏನೆಂದರೆ, ಪೋಲ್ ‘ಬೇಕು’ಗಳನ್ನು ಎಣಿಸುತ್ತದೆ, ‘ಆಗದು’ಗಳನ್ನು ಎಣಿಸುವುದಿಲ್ಲ.

ನನ್ನ ಉದ್ಯೋಗದಲ್ಲಿ ಈ ಎರಡನ್ನು ಬೇರೆ ಮಾಡುವುದೇ ಅರ್ಧ ಕೆಲಸ. ಸಾಫ್ಟ್‌ವೇರ್ ಪ್ರಾಜೆಕ್ಟು ಶುರುವಾಗುವಾಗ ಗಿರಾಕಿ ನೂರು ಬೇಡಿಕೆ ಹೇಳುತ್ತಾನೆ. ಅದರಲ್ಲಿ ತೊಂಬತ್ತು ಇದ್ದರೆ ಚೆನ್ನ ಎನ್ನುವಂಥವು, ಹತ್ತು ಇಲ್ಲದಿದ್ದರೆ ಪ್ರಾಜೆಕ್ಟೇ ಬಿದ್ದುಹೋಗುವಂಥವು. ಎರಡನ್ನೂ ಒಂದೇ ದನಿಯಲ್ಲಿ ಹೇಳಿರುತ್ತಾನೆ. ಎಷ್ಟೋ ಸಲ ಆ ಹತ್ತರಲ್ಲಿ ಎರಡನ್ನು ಹೇಳಿಯೇ ಇರುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವ ವಿಷಯ ಎಂದುಕೊಂಡು. ಊಟದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ‘ಆಗದು’ ಎಂಬುದಕ್ಕೂ ಮರ್ಯಾದೆಗೂ ನಂಟಿದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನರಿಮನ್ ಪಾಯಿಂಟಿನ ಎನ್‌ಸಿಪಿಎಯಲ್ಲಿ ಶನಿವಾರ ಸಂಜೆ 7.30ಕ್ಕೆ ನಾಟಕ. ಬರುವವರು ಸಿಎಸ್‌ಎಂಟಿಯಲ್ಲೋ ಚರ್ಚ್‌ಗೇಟಿನಲ್ಲೋ ಇಳಿಯುತ್ತಾರೆ, ಆದ್ದರಿಂದ ಊಟ ಫೋರ್ಟಿನ ಆಸುಪಾಸು. 7.15ಕ್ಕೆ ಒಳಗಿರಬೇಕು, ಟ್ಯಾಕ್ಸಿಗೆ ಅರ್ಧ ಗಂಟೆ ಬಿಡಬೇಕು, ಬಿಲ್ಲಿಗೆ ಹತ್ತು ನಿಮಿಷ. ಲೆಕ್ಕ ಹಿಂದಕ್ಕೆ ಹಾಕುತ್ತ ಬಂದರೆ 5.30ಕ್ಕೆ ಕೂರಬೇಕು. ಫೋರ್ಟು ನಮ್ಮ ಕರಾವಳಿಯವರ ಮೀನಡುಗೆಗೆ ಹೆಸರಾದ ಜಾಗ. ಗುಂಪಿನಲ್ಲಿ ನಾಲ್ಕು ಜನ ಕರಾವಳಿಯವರು, ಅವರಿಗೆ ಅಲ್ಲಿಯವರೆಗೆ ಹೋಗಿ ಬಂಗುಡೆ ಗಸಿ, ನೀರುದೋಸೆ ತಿನ್ನದೆ ಬರುವುದು ಎಂದರೆ ಕಡಲಿಗೆ ಹೋಗಿ ಕಾಲು ತೋಯಿಸದೆ ಬಂದ ಹಾಗೆ. ಆದರೆ ಮೀನೂಟದ ಅಗ್ಗದ ಹೋಟೆಲುಗಳಲ್ಲಿ ಹಲವು ಮಧ್ಯಾಹ್ನದ ಊಟ ಮುಗಿಸಿ ಬಾಗಿಲೆಳೆದರೆ ಮತ್ತೆ ತೆರೆಯುವುದು ರಾತ್ರಿಯೂಟಕ್ಕೇ. ನಡುವೆ ತೆರೆದಿರುವವು ಏಸಿ ಇರುವ ದೊಡ್ಡವು. ಅಲ್ಲಿ ಏಡಿ, ಸುರಮಾಯಿ ಎಂದು ಶುರುವಾದರೆ ತಲೆಗೆ ಸಾವಿರ ರೂಪಾಯಿ ಸಲೀಸಾಗಿ ದಾಟುತ್ತದೆ. ಉಡುಪಿ ಹೋಟೆಲಾದರೆ ಬೆಳಗಿನಿಂದ ರಾತ್ರಿಯವರೆಗೆ ಇಡ್ಲಿ ಬೇಯುತ್ತಲೇ ಇರುತ್ತದೆ. ಗಡಿಯಾರವೂ ಸಸ್ಯಾಹಾರಿ ಎಂದು ನಮ್ಮ ಶೆಟ್ಟರು ಗೊಣಗುವುದು ಇದಕ್ಕೇ.

ಈಗ ಗುಂಪಿನ ‘ಆಗದು’ಗಳನ್ನು ನೋಡಿ. ಡೊಂಬಿವಲಿಯ ರಾಯರು ಏಕಾದಶಿ ಎಂದು ಮೊದಲೇ ಬರೆದು ತಿಳಿಸಿದ್ದಾರೆ, ಹಣ್ಣು ಹಾಲು ಸಿಗುವಲ್ಲಿ ಹೋಗೋಣ ಎಂದಿದ್ದಾರೆ. ಇನ್ನೊಬ್ಬರು ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಮತ್ತೊಬ್ಬರು ಜಿಮ್ಮಿಗೆ ಹೋಗುವವರು, ಮೈದಾ ಮುಟ್ಟುವುದಿಲ್ಲ. ಇವೆಲ್ಲ ಗ್ರೂಪಿನಲ್ಲಿ ಗಟ್ಟಿಯಾಗಿ ಕೇಳಿಸಿದ ‘ಆಗದು’ಗಳು. ಹೇಳುವವರಿಗೆ ಸಂಕೋಚವಿಲ್ಲ, ಕೆಲವಕ್ಕಂತೂ ಸ್ವಲ್ಪ ಹೆಮ್ಮೆಯೂ ಇದೆ. ಕೇಳಿಸದವು ಬೇರೆ. ಮುಲುಂಡಿನ ಅಕ್ಕನಿಗೆ ಮಂಡಿನೋವು, ಮಹಡಿ ಮೆಟ್ಟಿಲು ಹತ್ತಲಾರರು. ಒಬ್ಬರಿಗೆ ಸಕ್ಕರೆ ಕಾಯಿಲೆ, ಹೊತ್ತು ಮೀರಿದರೆ ಕೈ ನಡುಗುತ್ತದೆ, ಆಫೀಸಿನ ಗೆಳೆಯರಿಗೆ ತಿಳಿಯುವುದು ಬೇಡ. ಪವಾಯಿಯಲ್ಲಿ ನಾಲ್ಕು ಜನರ ಜೊತೆ ರೂಮು ಹಂಚಿಕೊಂಡಿರುವ ಹುಡುಗನಿಗೆ ಹೊಸ ಕೆಲಸ, ಊರಿಗೆ ಹಣ ಕಳಿಸುತ್ತಾನೆ, ನಾಟಕದ ಟಿಕೆಟ್ಟಿಗೇ ಯೋಚಿಸಿ ಹೂಂ ಅಂದವನು. ಮೂವರೂ ಬರೆದದ್ದು: ಎಲ್ಲಾದರೂ ಸರಿ.

ವ್ರತವನ್ನು ಹೇಳಿಕೊಳ್ಳಬಹುದು, ಬಡತನವನ್ನು ಹೇಳಿಕೊಳ್ಳಲಾಗದು. ಹೀಗಾಗಿ ಯಾವ ‘ಆಗದು’ ನಮ್ಮ ಕಿವಿಗೆ ಬೀಳುತ್ತದೆ ಎಂಬುದಕ್ಕೂ ಯಾವುದು ನಿಜವಾಗಿ ಗಟ್ಟಿಯಾದ ‘ಆಗದು’ ಎಂಬುದಕ್ಕೂ ಸಂಬಂಧವೇ ಇರುವುದಿಲ್ಲ. ಆರಿಸುವವನು ಬರೀ ಕೇಳಿಸಿದ್ದನ್ನು ಒಟ್ಟುಗೂಡಿಸಿದರೆ ನ್ಯಾಯವಾಗಿ ನಡೆದುಕೊಂಡೆ ಎಂಬ ತೃಪ್ತಿ ಸಿಗುತ್ತದೆ, ಅಷ್ಟೇ.

ದುಡ್ಡಿನ ವಿಷಯವನ್ನು ಸ್ವಲ್ಪ ಹಿಗ್ಗಿಸಿ ಹೇಳಬೇಕು. ಇಸ್ರೇಲಿನ ಹೈಫಾದ ಒಂದು ಹೋಟೆಲಿನಲ್ಲಿ ನೀಜಿ, ಹರೂವಿ, ಯಾಫೆ ಎಂಬ ಮೂವರು ಆರಾರು ಜನರ ಗುಂಪುಗಳನ್ನು ಕೂರಿಸಿ ಪ್ರಯೋಗ ಮಾಡಿ 2004ರಲ್ಲಿ ಪ್ರಕಟಿಸಿದರು. ಅವರವರ ಬಿಲ್ಲು ಅವರವರೇ ಕೊಡುವಾಗ ತಲೆಗೆ ಸರಾಸರಿ ಸುಮಾರು 37 ಶೆಕೆಲ್ ಖರ್ಚಾಯಿತು. ಬಿಲ್ಲನ್ನು ಸಮನಾಗಿ ಹಂಚುವುದು ಎಂದಾಗ ಸುಮಾರು 51. ಸಮಪಾಲಿನಲ್ಲಿ ಹೆಚ್ಚು ತರಿಸಿದವರು ದುಷ್ಟರೇನಲ್ಲ; ಇನ್ನೊಂದು ಪ್ಲೇಟಿನ ಬೆಲೆಯಲ್ಲಿ ಆರರಲ್ಲೊಂದು ಪಾಲಷ್ಟೇ ತನ್ನದು ಎಂದಾಗ ಯಾರ ಕೈಯೂ ಮೆನು ಕಾರ್ಡಿನಲ್ಲಿ ಕೆಳಗೆ ಜಾರುತ್ತದೆ. ವಿಚಿತ್ರ ಎಂದರೆ, ಹೇಗೆ ಕೊಡುವುದು ಇಷ್ಟ ಎಂದು ಮೊದಲೇ ಕೇಳಿದಾಗ ನೂರಕ್ಕೆ ಎಂಬತ್ತು ಜನ ಬೇರೆಬೇರೆ ಬಿಲ್ಲೇ ಇಷ್ಟ ಎಂದಿದ್ದರು. ಬೇಡವಾದ ಪದ್ಧತಿಯನ್ನು ಎಲ್ಲರೂ ಸೇರಿ ಮರ್ಯಾದೆಗಾಗಿ ನಡೆಸಿಕೊಂಡು ಹೋಗುತ್ತೇವೆ.

ನಮ್ಮಲ್ಲಿ ಇದಕ್ಕೆ ಹಳೆಯ ಮಾತೊಂದಿದೆ: ಪಂಕ್ತಿಭೇದ. ಮದುವೆಮನೆಯಲ್ಲಿ ಒಂದು ಸಾಲಿಗೆ ತುಪ್ಪ ಬಂದು ಇನ್ನೊಂದು ಸಾಲಿಗೆ ಬಾರದಿದ್ದರೆ ಊರೆಲ್ಲ ಆಡಿಕೊಳ್ಳುತ್ತಿತ್ತು. ಜಾತಿಯ ಪಂಕ್ತಿಭೇದವನ್ನಂತೂ ಆಡಿಕೊಳ್ಳುವವರೂ ಕಡಿಮೆ ಇದ್ದರು. ಹಿಂದೆ ನಮ್ಮ ಕಡೆಯ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗ ಇರುತ್ತಿತ್ತು. ಆ ದೃಷ್ಟಿಯಿಂದ ಮಾಟುಂಗದ ಹೋಟೆಲುಗಳಲ್ಲಿ ಗುರುತು ಪರಿಚಯ ಇಲ್ಲದವರ ಎದುರು ಕೂತು ಒಂದೇ ಮೇಜಿನಲ್ಲಿ ರಸವಡೆ ತಿನ್ನುವುದು ಸಣ್ಣ ಸಂಗತಿಯಲ್ಲ. ಈಗ ಹೊಸ ಪಂಕ್ತಿಭೇದ ಬಂದಿದೆ. ದೊಡ್ಡ ಹೋಟೆಲಿನಲ್ಲಿ ಒಂಬತ್ತು ಜನ ಊಟ ತರಿಸುತ್ತಾರೆ, ಹತ್ತನೆಯವನು ಮಧ್ಯಾಹ್ನ ಲೇಟಾಗಿ ತಿಂದೆ ಎಂದು ಒಂದು ಲೈಮ್ ಸೋಡಾ ತರಿಸುತ್ತಾನೆ. ಎಲ್ಲರೂ ನಂಬಿದ ಹಾಗೆ ಮಾಡುತ್ತಾರೆ. ಪಕ್ಕದಲ್ಲೇ ಕೂತಿದ್ದಾನೆ, ಸಾಲು ಮಾತ್ರ ಬೇರೆ.

ಹಾಗಾದರೆ ಯಾರಿಗೂ ತೊಂದರೆಯಾಗದ ಉಡುಪಿ ಹೋಟೆಲೇ ಸರಿ, ಅಗ್ಗ, ನೆಲಮಟ್ಟದಲ್ಲಿರುವುದನ್ನು ಹುಡುಕಿದರಾಯಿತು, ಸಸ್ಯಾಹಾರ ಎಲ್ಲರೂ ತಿನ್ನುತ್ತಾರೆ ಎಂದು ವಾದ ಮುಗಿಸಬಹುದು. ಅರ್ಧ ಒಪ್ಪುತ್ತೇನೆ. ಮೀನು ತಿನ್ನುವವರು ದೋಸೆ ತಿನ್ನಬಲ್ಲರು, ದೋಸೆಯವರು ಮೀನು ತಿನ್ನಲಾರರು. ಬಗ್ಗಬಲ್ಲವನು ಬಗ್ಗಬೇಕು. ಆದರೆ ಇದೇ ನ್ಯಾಯ ಹತ್ತು ಸಲ ನಡೆದರೆ ಹತ್ತು ಸಲವೂ ಬಗ್ಗಿದವರು ಅದೇ ನಾಲ್ಕು ಜನ. ಅವರ ಊಟ ಗುಂಪಿನ ಊಟ ಆಗುವುದೇ ಇಲ್ಲ. ಅದು ಯಾವಾಗಲೂ ಅವರು ಬೇರೆಯಾಗಿ, ಬೇರೆ ದಿನ, ತಮ್ಮವರ ಜೊತೆ ಹೋಗಿ ಮಾಡುವ ಊಟ. ಮಾಟುಂಗದಲ್ಲಿ ಕಾರ್ಯಕ್ರಮ ಇದ್ದಾಗ ಊಟದ ಪ್ರಶ್ನೆಯೇ ಏಳುವುದಿಲ್ಲವಲ್ಲ, ಕನ್ನಡಿಗರ ಊಟ ಎಂದರೆ ಇದೇ ಎಂದು ನಾವೇ ಒಪ್ಪಿಕೊಂಡಿರುತ್ತೇವೆ. ಪ್ರಶ್ನೆ ಏಳದ ಕಡೆ ಯಾರೋ ಸುಮ್ಮನಾಗಿರುತ್ತಾರೆ. ಈ ಊರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ, ನೀವು ವೆಜ್ಜೋ ಎಂದು ಬ್ರೋಕರು ಮೊದಲೇ ಕೇಳುವುದು ಗೊತ್ತಿದೆ. ಅಲ್ಲಿ ಸಿಟ್ಟಾಗುವ ನಾವು ನಮ್ಮ ಗುಂಪಿನೊಳಗೆ ಅದೇ ಪ್ರಶ್ನೆಯನ್ನು ಸೌಜನ್ಯದ ಹೆಸರಿನಲ್ಲಿ ಕೇಳುತ್ತಿದ್ದೇವೆಯೇ?

ನನಗೆ ಇಲ್ಲಿ ಒಂದು ಗೆರೆ ಕಾಣುತ್ತದೆ. ‘ನಾನು ತಿನ್ನಲಾರೆ’ ಎಂಬುದು ಗುಂಪನ್ನು ಕಟ್ಟಿಹಾಕುವ ಮಾತು. ಅವರಿಗೆ ಹೊಟ್ಟೆತುಂಬ ಉಣ್ಣಲು ಏನಾದರೂ ಇರಲೇಬೇಕು. ‘ತಿನ್ನುವವರ ಪಕ್ಕ ಕೂರಲಾರೆ’ ಎಂಬುದು ಹಾಗಲ್ಲ. ಅದು ಇನ್ನೊಬ್ಬರ ತಟ್ಟೆಯ ಮೇಲಿನ ಹಕ್ಕು. ಅದನ್ನು ‘ಆಗದು’ ಎಂದು ಬರೆದುಕೊಳ್ಳಲು ನಾನು ತಯಾರಿಲ್ಲ. ‘ಬೇಡ’ ಎಂದು ಬರೆದುಕೊಂಡು ಬೇರೆಯವರ ಬೇಕುಬೇಡಗಳ ಜೊತೆ ಸಾಲಿನಲ್ಲಿ ನಿಲ್ಲಿಸುತ್ತೇನೆ. ವಾಸನೆಗೆ ಹೊಟ್ಟೆ ತೊಳಸುತ್ತದೆ ಎನ್ನುವವರಿದ್ದಾರೆ, ಅದು ನಿಜವೂ ಇರಬಹುದು. ಅಂಥವರಿಗೆ ಮೇಜಿನ ತುದಿಯ ಜಾಗ, ಕಿಟಕಿ ಪಕ್ಕ. ಎರಡೂ ಸಿಗುವ ಹೋಟೆಲು ಫೋರ್ಟಿನಲ್ಲಿ ಬೇಕಾದಷ್ಟಿವೆ. ಹತ್ತರಲ್ಲಿ ಮೂರು ಸಲವಾದರೂ ಅಲ್ಲಿ ಹೋಗಬೇಕು, ಗಡಿಯಾರ ಒಪ್ಪದಿದ್ದರೆ ಮಧ್ಯಾಹ್ನದ ಆಟಕ್ಕೆ ಟಿಕೆಟ್ ತೆಗೆಯಬೇಕು. ರಾಯರಿಗೆ ಈ ಮಾತು ರುಚಿಸಿಲ್ಲ. ಚರ್ಚೆ ನಡೆದಿದೆ.

ಇನ್ನು ಬಾಯಿಬಿಡದವರ ವಿಷಯ. ದೊಡ್ಡವರಾದವರು ತಮ್ಮ ಕಷ್ಟ ತಾವೇ ಹೇಳಿಕೊಳ್ಳಬೇಕು, ಹೇಳದಿದ್ದರೆ ಅದು ಅವರ ಪಾಡು, ಇನ್ನೊಬ್ಬರ ಜೇಬು ಮಂಡಿ ಊಹಿಸುವುದು ಅಹಂಕಾರ ಎಂದು ಗೆಳೆಯರೊಬ್ಬರು ವಾದಿಸುತ್ತಾರೆ. ಅವರ ಮಾತಿನಲ್ಲಿ ತೂಕವಿದೆ. ನಿನಗೆ ಕಷ್ಟ ಇರಬಹುದು ಅಂತ ಅಗ್ಗದ ಹೋಟೆಲ್ ನೋಡಿದೆ ಕಣಪ್ಪ ಎಂದು ಹುಡುಗನಿಗೆ ಹೇಳಿದರೆ ಅವನು ಮುಂದಿನ ಸಲ ಬರುವುದೇ ಇಲ್ಲ. ಬಿಡು, ನಿನ್ನದು ನಾನು ಕೊಡುತ್ತೇನೆ ಎಂದರೆ ಇನ್ನೂ ಕೆಟ್ಟದ್ದು. ಉಪಕಾರಕ್ಕೆ ಸಾಕ್ಷಿಗಳಿದ್ದರೆ ಅದು ಅವಮಾನಕ್ಕೆ ಹತ್ತಿರ.

ಆದರೆ ಊಹಿಸುವುದಕ್ಕೂ ಊಹೆಯನ್ನು ಬಾಯಲ್ಲಿ ಆಡುವುದಕ್ಕೂ ವ್ಯತ್ಯಾಸ ಇದೆ. ಹೋಟೆಲನ್ನು ಹುಡುಕುವಾಗಲೇ ತಲೆಗೆ ಮುನ್ನೂರು ದಾಟದ್ದು, ಮೆಟ್ಟಿಲಿಲ್ಲದ್ದು, ಕೂತ ಹತ್ತು ನಿಮಿಷದಲ್ಲಿ ಏನಾದರೂ ತಟ್ಟೆಗೆ ಬರುವಂಥದ್ದು ಎಂದು ನೋಡಿದರೆ ಯಾರ ಹೆಸರನ್ನೂ ಎತ್ತಬೇಕಿಲ್ಲ. ಮಂಡಿನೋವು ಯಾರಿಗೆ ಎಂದು ಕೇಳಬೇಕಿಲ್ಲ. ನಲವತ್ತು ದಾಟಿದ ಹತ್ತು ಜನರಲ್ಲಿ ಯಾರಿಗಾದರೂ ಇದ್ದೇ ಇರುತ್ತದೆ. ಮಾಟುಂಗದ ರಾಮ ನಾಯಕರ ಬಾಳೆಯೆಲೆ ಊಟ ನನಗೆ ಬಹಳ ಇಷ್ಟ, 1942ರಿಂದ ನಡೆದು ಬಂದ ಜಾಗ, ಆದರೆ ಅದು ಮಹಡಿಯ ಮೇಲಿದೆ. ಗುಂಪಿನಲ್ಲಿ ಹೋಗುವಾಗ ಅದನ್ನು ಬಿಟ್ಟು, ಒಬ್ಬನೇ ಹೋಗುವ ದಿನಕ್ಕೆ ಇಟ್ಟುಕೊಂಡಿದ್ದೇನೆ. ಬಿಲ್ಲನ್ನು ಮೊದಲೇ ಬೇರೆಬೇರೆ ಕೇಳುವುದನ್ನು ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಸಂಬಳದವರೇ ಶುರುಮಾಡಿದರು, ನನಗೆ ಲೆಕ್ಕ ಬರುವುದಿಲ್ಲ ಮಾರಾಯರೇ ಎಂದು ಹೇಳಿ. ಅವರು ಬ್ಯಾಂಕಿನವರು. ಲೆಕ್ಕ ಬರುವುದಿಲ್ಲ ಎಂದು ನಾವ್ಯಾರೂ ನಂಬಲಿಲ್ಲ, ಹಾಗಂತ ಯಾರೂ ಹೇಳಲೂ ಇಲ್ಲ. ಆ ಸಂಜೆ ಪವಾಯಿಯ ಹುಡುಗ ಒಂದು ಮಸಾಲೆ ದೋಸೆ, ಒಂದು ಕಾಫಿ ಕುಡಿದು, ಇನ್ನೊಂದು ಕಾಫಿಯನ್ನೂ ತರಿಸಿಕೊಂಡ.