ಕಪ್ಪೆಯ ತೂಕ

2024ರ ಅಕ್ಟೋಬರ್. ಬೆಂಗಳೂರಿನಲ್ಲಿ ಮಳೆ ಹಿಡಿದಿತ್ತು. ಭಾರತ ಮತ್ತು ನ್ಯೂಜಿಲೆಂಡ್ ಟೆಸ್ಟ್ ಸರಣಿಗೆ ಇನ್ನೆರಡು ದಿನ. ಹೋಟೆಲಿನಲ್ಲಿ ಬೈಟೂ ಕಾಫಿ ಹೇಳಿ, ನಾನೂ ಗೆಳೆಯನೂ ಹಳೆಯ ಬಿಲ್ಲೊಂದರ ಬೆನ್ನಿಗೆ ಎರಡು ಪಟ್ಟಿ ಬರೆಯಲು ಕೂತೆವು. ಎಡಗಡೆ ನಮ್ಮವರು, ಬಲಗಡೆ ಅವರು. ಎಡದ ಪಟ್ಟಿ ಕಾಫಿ ಬರುವ ಮುಂಚೆಯೇ ಮುಗಿಯಿತು. 500 ವಿಕೆಟ್ ದಾಟಿದ ಅಶ್ವಿನ್, ಆಗಷ್ಟೇ 300 ಮುಟ್ಟಿದ್ದ ಜಡೇಜ, ಬೂಮ್ರಾ, ಕೊಹ್ಲಿ, ರೋಹಿತ್. ಬಲದ ಪಟ್ಟಿ ಆರನೆಯ ಹೆಸರಿಗೆ ಬಂದು ನಿಂತಿತು.

‘ಅವನೊಬ್ಬ ಉದ್ದನೆಯ ಹುಡುಗ ಇದಾನಲ್ಲ, ಫಾಸ್ಟ್ ಬೌಲರ್ರು, ಏನವನ ಹೆಸರು?’ ಎಂದೆ.

‘ಬಿಡೋ ಅತ್ಲಾಗೆ, ಒಂದು ಪ್ರಶ್ನೆ ಚಿಹ್ನೆ ಹಾಕು’ ಅಂದ.

ಹಾಕಿದೆ. ಆಮೇಲೆ ಎಡಬಲ ತೂಗಿ, ಕೆಳಗೆ ದೊಡ್ಡದಾಗಿ 3–0 ಎಂದು ಬರೆದು ಗೆರೆ ಎಳೆದೆವು.

ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊದಲ ದಿನ ಮಳೆಗೇ ಹೋಯಿತು. ಎರಡನೆಯ ದಿನ, ಅಕ್ಟೋಬರ್ 17ರಂದು, ಮೋಡ ಕವಿದಿದ್ದರೂ ಟಾಸ್ ಗೆದ್ದ ಭಾರತ ಬ್ಯಾಟಿಂಗ್ ಆರಿಸಿಕೊಂಡಿತು. 31.2 ಓವರಿನಲ್ಲಿ 46ಕ್ಕೆ ಆಲೌಟ್. ತವರಿನಲ್ಲಿ ಭಾರತದ ಅತಿ ಕಡಿಮೆ ಮೊತ್ತ ಅದು. ಐದು ಜನ ಸೊನ್ನೆ ಸುತ್ತಿದರು. ಕೊಹ್ಲಿಯನ್ನೂ ನಮ್ಮೂರಿನ ರಾಹುಲ್‌ನನ್ನೂ ಸೊನ್ನೆಗೆ ಕಳಿಸಿದವರು ವಿಲಿಯಂ ಒರೂರ್ಕ್. ನಮ್ಮ ಬಿಲ್ಲಿನಲ್ಲಿ ಅವರ ಹೆಸರು ಒಂದು ಪ್ರಶ್ನೆ ಚಿಹ್ನೆ.

ಮುಂದೆ ಪುಣೆಯಲ್ಲಿ ಮಿಚೆಲ್ ಸ್ಯಾಂಟ್ನರ್ 13 ವಿಕೆಟ್ ಕಿತ್ತರು. ಅದಕ್ಕೆ ಮುಂಚೆ ಟೆಸ್ಟ್ ಇನಿಂಗ್ಸ್ ಒಂದರಲ್ಲಿ ಐದು ವಿಕೆಟ್ ಕೂಡ ಕಂಡವರಲ್ಲ ಅವರು. ಮುಂಬೈಯಲ್ಲಿ, ಆ ಊರಿನಲ್ಲೇ ಹುಟ್ಟಿದ ಅಜಾಜ್ ಪಟೇಲ್ 11 ವಿಕೆಟ್ ಪಡೆದರು. ನಾವು ಬರೆದ 3–0 ಅಕ್ಷರಶಃ ನಿಜವಾಯಿತು. ಯಾರು ಯಾರಿಗೆ ಅನ್ನುವುದೊಂದು ಅದಲುಬದಲಾಗಿತ್ತು.

ನಮ್ಮ ಲೆಕ್ಕವೇನೂ ಹುಚ್ಚು ಲೆಕ್ಕವಾಗಿರಲಿಲ್ಲ. ಹನ್ನೆರಡು ವರ್ಷಗಳಿಂದ ಭಾರತ ತವರಿನಲ್ಲಿ ಸರಣಿ ಸೋತಿರಲಿಲ್ಲ, ಸತತ 18 ಸರಣಿ ಗೆದ್ದಿತ್ತು. ನ್ಯೂಜಿಲೆಂಡ್ ಶ್ರೀಲಂಕಾದಲ್ಲಿ 2–0 ಸೋತು ನೇರ ಇಲ್ಲಿಗೆ ಬಂದಿತ್ತು. ಕೇನ್ ವಿಲಿಯಮ್ಸನ್ ಗಾಯಗೊಂಡು ಮನೆಯಲ್ಲಿದ್ದರು. ಇಷ್ಟನ್ನು ತಕ್ಕಡಿಗೆ ಹಾಕಿದರೆ ಮುಳ್ಳು ಯಾವ ಕಡೆ ವಾಲುತ್ತದೆ ಎಂದು ಹೇಳಲು ಪಂಡಿತರೇ ಬೇಕಿಲ್ಲ.

ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ ಎಂಬ ಮಾತು ನಮ್ಮಲ್ಲಿದೆ. ಒಂದನ್ನು ಹಿಡಿದು ಕೂರಿಸುವಷ್ಟರಲ್ಲಿ ಇನ್ನೊಂದು ನೆಗೆದಿರುತ್ತದೆ. ತಂಡಗಳನ್ನು ತೂಗುವವರಿಗೆ ಇದಕ್ಕಿಂತ ಒಳ್ಳೆಯ ಸಮಾಧಾನ ಬೇರೆ ಇಲ್ಲ. ಲೆಕ್ಕ ತಪ್ಪಿದಾಗಲೆಲ್ಲ, ‘ಕ್ರಿಕೆಟ್ ಅಂದರೆ ಹಾಗೆಯೇ, ಏನು ಬೇಕಾದರೂ ಆಗಬಹುದು’ ಎಂದು ಕಪ್ಪೆಯ ಮೇಲೆ ಹಾಕಿ ಕೈತೊಳೆದುಕೊಳ್ಳುತ್ತೇವೆ. ನಾನೂ ಹಾಗೆಯೇ ತೊಳೆದುಕೊಳ್ಳುತ್ತಿದ್ದೆ, ಆ ಪ್ರಶ್ನೆ ಚಿಹ್ನೆ ಇರದಿದ್ದರೆ. ನನ್ನ ತಟ್ಟೆಯಿಂದ ಯಾವ ಕಪ್ಪೆಯೂ ನೆಗೆದಿರಲಿಲ್ಲ. ನಾನು ಅದನ್ನು ತಟ್ಟೆಗೆ ಹಾಕಿಯೇ ಇರಲಿಲ್ಲ. ಗೊತ್ತಿಲ್ಲ ಎಂದು ಬರೆದುಕೊಂಡದ್ದನ್ನು ಕೂಡುವಾಗ ಸೊನ್ನೆ ಎಂದು ಓದಿದ್ದೆ.

ಇದೇ ತಪ್ಪನ್ನು ಎದುರು ದಡದಲ್ಲಿ ನಿಂತವರೂ ಮಾಡಿದ್ದಾರೆ. 2020ರ ಡಿಸೆಂಬರ್ 19ರಂದು ಅಡಿಲೇಡಿನಲ್ಲಿ ಭಾರತ 36 ರನ್ನಿಗೆ ಕುಸಿಯಿತು. ನಾಯಕ ಕೊಹ್ಲಿ ಮೊದಲ ಮಗುವಿನ ನಿರೀಕ್ಷೆಯಲ್ಲಿ ಊರಿಗೆ ಹೊರಟರು. ಶಮಿ ಕೈ ಮುರಿದುಕೊಂಡರು. ಇನ್ನು 4–0 ಅಂತ ಬರೆದಿಟ್ಟುಕೊಳ್ಳಿ ಎಂದು ಹಳೆಯ ಆಟಗಾರರು ತೀರ್ಪು ಕೊಟ್ಟರು. ಆಮೇಲೆ ಮೆಲ್ಬರ್ನಿನಲ್ಲಿ ರಹಾನೆ ಶತಕ ಹೊಡೆದು ಗೆಲ್ಲಿಸಿದರು. ಸಿಡ್ನಿಯಲ್ಲಿ ಹನುಮ ವಿಹಾರಿ ತೊಡೆಯ ಸ್ನಾಯು ಹರಿದುಕೊಂಡು, ಓಡಲಾರದೆ ನಿಂತಲ್ಲೇ 161 ಎಸೆತ ಎದುರಿಸಿದರು. ಜೊತೆಗೆ ಅಶ್ವಿನ್ 128 ಎಸೆತ ಆಡಿ ಪಂದ್ಯ ಉಳಿಸಿದರು. ಬ್ರಿಸ್ಬೇನಿನ ಗಾಬಾಕ್ಕೆ ಬರುವ ಹೊತ್ತಿಗೆ ಬೂಮ್ರಾ, ಅಶ್ವಿನ್, ಜಡೇಜ ಕೂಡ ಪಟ್ಟಿಯಲ್ಲಿ ಇರಲಿಲ್ಲ.

ಆ ದಿನದ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಆಸ್ಟ್ರೇಲಿಯಾದ ಕಮಿನ್ಸ್, ಸ್ಟಾರ್ಕ್, ಹೇಜಲ್‌ವುಡ್, ಲಯನ್ ನಾಲ್ವರ ಹೆಸರಿನಲ್ಲಿ ಕೂಡಿ ಸಾವಿರದಷ್ಟು ವಿಕೆಟ್. ಲಯನ್‌ಗೆ ಅದು ನೂರನೆಯ ಟೆಸ್ಟ್. ಭಾರತದ ಐವರು ಬೌಲರುಗಳಾದ ಸಿರಾಜ್, ಸೈನಿ, ಠಾಕೂರ್, ನಟರಾಜನ್, ವಾಷಿಂಗ್ಟನ್ ಸುಂದರ್ ಅದಕ್ಕೆ ಮುಂಚೆ ಎಲ್ಲ ಸೇರಿ ಆಡಿದ್ದು ನಾಲ್ಕೇ ಟೆಸ್ಟ್. ಗಾಬಾದಲ್ಲಿ ಆಸ್ಟ್ರೇಲಿಯಾ 1988ರಿಂದ ಸೋತಿರಲಿಲ್ಲ. ಒಂದು ತಟ್ಟೆಯಲ್ಲಿ ಬೆಟ್ಟ, ಇನ್ನೊಂದರಲ್ಲಿ ಬೊಗಸೆ ಮಣ್ಣು. 2021ರ ಜನವರಿ 19ರಂದು ಭಾರತ 328ರ ಗುರಿಯನ್ನು ಮೂರು ವಿಕೆಟ್ ಉಳಿಸಿಕೊಂಡು ಮುಟ್ಟಿತು. ಪೂಜಾರ ಮೈಮೇಲೆ ಮತ್ತೆ ಮತ್ತೆ ಚೆಂಡು ಬೀಳಿಸಿಕೊಂಡು 211 ಎಸೆತ ನಿಂತಿದ್ದರು. ಪಂತ್ 89 ರನ್ ಮಾಡಿ ಕೊನೆಯವರೆಗೂ ಉಳಿದರು.

ಪವಾಡ ಎಂದರು. ನನಗೆ ಆ ಪದ ಒಪ್ಪಿಗೆಯಿಲ್ಲ. ನಾಲ್ಕು ಟೆಸ್ಟ್ ಎಂಬುದು ಆ ಐವರ ಬಗ್ಗೆ ನಮಗೆ ಗೊತ್ತಿದ್ದ ಅಳತೆ, ಅವರ ಶಕ್ತಿಯ ಅಳತೆಯಲ್ಲ. ಆ ತಂಡದ ಅನೇಕ ಹುಡುಗರು ರಾಹುಲ್ ದ್ರಾವಿಡ್ ತರಬೇತಿ ನೀಡುತ್ತಿದ್ದ ಭಾರತ ಎ ಮತ್ತು ಅಂಡರ್–19 ತಂಡಗಳಲ್ಲಿ ಪಳಗಿ ಬಂದವರು. ಆ ದಿನಗಳ ಆಟ ಟಿ.ವಿ.ಯಲ್ಲಿ ಬರುವುದು ಅಪರೂಪ, ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲು ಬಂದರೆ ಹೆಚ್ಚು. ಸಿರಾಜ್ ಪ್ರವಾಸದಲ್ಲಿದ್ದಾಗಲೇ ತಂದೆ ತೀರಿಕೊಂಡಿದ್ದರು. ಮಗ ಊರಿಗೆ ಮರಳದೆ ತಂಡದ ಜೊತೆಗೇ ಉಳಿದು, ಗಾಬಾದ ಎರಡನೆಯ ಇನಿಂಗ್ಸಿನಲ್ಲಿ ಐದು ವಿಕೆಟ್ ಪಡೆದರು. ಸರಾಸರಿಯ ಯಾವ ಕಾಲಮ್ಮಿನಲ್ಲಿ ಬರೆಯೋಣ ಇದನ್ನು?

ಗೊತ್ತಿರುವುದೂ ಕೆಲವೊಮ್ಮೆ ಕಣ್ಣು ಕಟ್ಟುತ್ತದೆ. 2001ರಲ್ಲಿ ಸತತ 16 ಟೆಸ್ಟ್ ಗೆದ್ದ ಸ್ಟೀವ್ ವಾ ಅವರ ಆಸ್ಟ್ರೇಲಿಯಾ ತಂಡ ಕೋಲ್ಕತ್ತಕ್ಕೆ ಬಂದಾಗ ನಾವು ಕೊರಗಿದ್ದು ಒಂದೇ ಮಾತಿಗೆ: ಭುಜದ ನೋವಿನಿಂದ ಕುಂಬ್ಳೆ ಇಲ್ಲ. ಕುಂಬ್ಳೆ ಇಲ್ಲದ ಜಾಗವನ್ನು ಖಾಲಿ ಎಂದೇ ತೂಗಿದೆವು. ಆ ಜಾಗದಲ್ಲಿ ಇಪ್ಪತ್ತು ವರ್ಷದ ಹರಭಜನ್ ಮೂರು ಟೆಸ್ಟಿನಲ್ಲಿ 32 ವಿಕೆಟ್ ಕಿತ್ತರು. ಲಕ್ಷ್ಮಣ್ ಮತ್ತು ದ್ರಾವಿಡ್ ಕೂಡಿಸಿದ 376 ರನ್ ಎಲ್ಲರ ಬಾಯಲ್ಲೂ ಇದೆ. ಖಾಲಿ ಜಾಗ ತುಂಬಿದ ಬಗೆಯೂ ಅಷ್ಟೇ ದೊಡ್ಡ ಕತೆ.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಬಿ.ಎಸ್. ಚಂದ್ರಶೇಖರ್ ಸಿಗುತ್ತಾರೆ. ಬಾಲ್ಯದಲ್ಲಿ ಪೋಲಿಯೊ ಬಡಿದು ಬಲಗೈ ಸಣಕಲಾಗಿತ್ತು. ತೂಗುವವನ ಕಣ್ಣಿಗೆ ಅದು ಕೊರತೆ. 1971ರ ಆಗಸ್ಟ್‌ನಲ್ಲಿ ಓವಲ್ ಮೈದಾನದಲ್ಲಿ ಅದೇ ಕೈ 38 ರನ್ನಿಗೆ ಆರು ವಿಕೆಟ್ ಕಿತ್ತು, ಇಂಗ್ಲೆಂಡನ್ನು 101ಕ್ಕೆ ಉರುಳಿಸಿ, ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದಿತು. ಕೊರತೆಯ ಪಟ್ಟಿಯಲ್ಲಿ ಬರೆದದ್ದು ಆಸ್ತಿಯ ಪಟ್ಟಿಗೆ ಸೇರಬೇಕಾದದ್ದಾಗಿತ್ತು.

ಈ ತೂಗುವ ಚಟ ಕ್ರಿಕೆಟ್ಟಿಗಿಂತ ಬಹಳ ಹಳೆಯದು. ಮಹಾಭಾರತದ ಉದ್ಯೋಗಪರ್ವದಲ್ಲಿ, ಯುದ್ಧಕ್ಕೆ ಮೊದಲು, ದುರ್ಯೋಧನ ಭೀಷ್ಮನನ್ನು ಕೇಳುತ್ತಾನೆ: ನಮ್ಮಲ್ಲಿ ರಥಿಕರು ಯಾರು, ಅತಿರಥರು ಯಾರು, ಅವರಲ್ಲಿ ಯಾರು ಯಾರು? ಭೀಷ್ಮ ಎರಡೂ ಕಡೆಯವರನ್ನು ಒಬ್ಬೊಬ್ಬರಾಗಿ ಎಣಿಸುತ್ತಾನೆ. ರಥಾತಿರಥಸಂಖ್ಯಾನ ಎಂದೇ ಆ ಭಾಗದ ಹೆಸರು. ಭೀಷ್ಮನನ್ನು ನಾನು ಮೆಚ್ಚುವುದು ಎದುರು ಪಟ್ಟಿಯ ವಿಷಯಕ್ಕೆ. ಅರ್ಜುನನಿಗೆ ಸಮಾನನಾದವನು ಎರಡೂ ಸೇನೆಯಲ್ಲಿ ಇಲ್ಲ ಎಂದು ದುರ್ಯೋಧನನ ಎದುರೇ ಹೇಳುವ ಎದೆ ಅವನಿಗಿತ್ತು. ಆದರೆ ಅವನ ತಕ್ಕಡಿಯೂ ಒಂದು ಕಡೆ ಜಾರಿತು. ಕವಚಕುಂಡಲ ಕಳೆದುಕೊಂಡವನು, ಗುರುವಿನ ಶಾಪ ಹೊತ್ತವನು ಎಂದು ಕರ್ಣನನ್ನು ಅರ್ಧರಥನ ಲೆಕ್ಕಕ್ಕೆ ಇಳಿಸಿದ. ಕೆರಳಿದ ಕರ್ಣ, ಭೀಷ್ಮ ಬೀಳುವವರೆಗೂ ಆಯುಧ ಹಿಡಿಯೆ ಎಂದ. ಕೌರವರ ಕಡೆ ಹತ್ತು ದಿನ ಕರ್ಣನೇ ಇರಲಿಲ್ಲ. ಅರ್ಧ ಎಂದು ತೂಗಿದ್ದು ಆ ಹತ್ತು ದಿನ ಪೂರಾ ಸೊನ್ನೆಯಾಯಿತು. ಕಡೆಗೆ ಭೀಷ್ಮನನ್ನು ಕೆಡವಿದ್ದು ಶಿಖಂಡಿಯ ಮರೆ. ಆ ತೂಕ ಬಿಲ್ಲುಬಾಣದ್ದಲ್ಲ, ಅಂಬೆಯ ಹಳೆಯ ನೋವಿನದು. ಹನ್ನೊಂದು ಅಕ್ಷೋಹಿಣಿ ಏಳು ಅಕ್ಷೋಹಿಣಿಗೆ ಸೋತಿತು.

ಹಾಗಾದರೆ ತೂಗುವುದನ್ನೇ ಬಿಡಬೇಕೇ? ಬೇಡ. ತೂಗುವುದು ಆಟವನ್ನು ಪ್ರೀತಿಸುವ ಒಂದು ಬಗೆ. ಮನಸ್ಸಿಟ್ಟು ತೂಗಿದರೆ ಕಲಿಯುವುದೂ ಇದೆ. ಇಲ್ಲಿಯ ಎಸ್‌ಜಿ ಚೆಂಡು ಕೈಯಲ್ಲಿ ಹೊಲಿದದ್ದು, ಅದರ ದಾರ ಬಹಳ ಹೊತ್ತು ಎದ್ದು ನಿಂತಿರುತ್ತದೆ. ಆಸ್ಟ್ರೇಲಿಯಾದ ಕೂಕಬುರ್ರಾದ ಹೊಲಿಗೆ ಬೇಗ ಚಪ್ಪಟೆಯಾಗುತ್ತದೆ. ಚೆನ್ನೈನಲ್ಲಿ ಚೆಂಡು ತಿರುಗುತ್ತದೆ, ಪರ್ತ್‌ನಲ್ಲಿ ಎದೆಗೆ ಏರುತ್ತದೆ. ಹೀಗಾಗಿ ಒಬ್ಬ ಬ್ಯಾಟ್ಸ್‌ಮನ್ನಿನ ಸರಾಸರಿ ಎಂಬುದು ನಿಜದಲ್ಲಿ ಇಲ್ಲಿ ಆಡುವವನು, ಅಲ್ಲಿ ಆಡುವವನು ಎಂಬ ಇಬ್ಬರ ರನ್ ಕೂಡಿಸಿ ಒಬ್ಬನ ಹೆಸರಿಗೆ ಬರೆದದ್ದು. ಇಷ್ಟನ್ನು ತಿಳಿದು ತೂಗಿದವನು ಸೋತರೂ ಆಟವನ್ನು ಒಂದಿಷ್ಟು ಹೆಚ್ಚು ಕಂಡಿರುತ್ತಾನೆ.

ತೊಂದರೆ ಇರುವುದು ನಮಗೆ ತಿಳಿವಳಿಕೆಗಿಂತ ಧೈರ್ಯ ಬೇಕಾಗಿರುವುದರಲ್ಲಿ. ಸರಣಿಗೆ ಮುನ್ನ ನಮ್ಮವರ ಹೆಸರುಗಳನ್ನು ಮೇಲಿಂದ ಕೆಳಕ್ಕೆ ಬರೆಯುವುದು ಕತ್ತಲಲ್ಲಿ ನಡೆಯುವವನು ಗಟ್ಟಿಯಾಗಿ ಹಾಡಿಕೊಂಡ ಹಾಗೆ. ಹಾಡು ದಾರಿ ತೋರಿಸುವುದಿಲ್ಲ, ಕಾಲು ನಡುಗದಂತೆ ನೋಡಿಕೊಳ್ಳುತ್ತದೆ ಅಷ್ಟೆ. ಅದಕ್ಕೇ ನಮ್ಮ ಪಟ್ಟಿ ಬಾಯಿಪಾಠ, ಎದುರು ಪಟ್ಟಿ ಮಸುಕು. ಆ ಮಸುಕನ್ನು ಅವರ ದೌರ್ಬಲ್ಯ ಎಂದುಕೊಳ್ಳುತ್ತೇವೆ. ಪ್ರೀತಿಯೂ ಮಸುಕು ಕವಿಸುತ್ತದೆ. ನ್ಯೂಜಿಲೆಂಡಿನ ರಚಿನ್ ರವೀಂದ್ರರ ಹೆಸರು ಬರೆಯುವಾಗ, ‘ಅಪ್ಪ ನಮ್ಮ ಬೆಂಗಳೂರಿನವರು ಕಣೋ’ ಎಂದು ನಾವು ನಕ್ಕಿದ್ದೆವು. ನಕ್ಕು ತೂಗುವುದನ್ನೇ ಮರೆತೆವು. ಅವರು ಚಿನ್ನಸ್ವಾಮಿಯಲ್ಲಿ 134 ಹೊಡೆದರು.

ಬೀದಿಗೆ ಹೊಸದಾಗಿ ಬಂದ ಮನೆಯವರನ್ನೂ ಕಚೇರಿಯ ಹೊಸಬರನ್ನೂ ನಾವು ಹೀಗೆಯೇ ತೂಗುತ್ತೇವೆ. ನಮಗೆ ಗೊತ್ತಿಲ್ಲದ ಭಾಷೆಯವರನ್ನು ‘ಅವರಲ್ಲಿ ಏನಿದೆ’ ಅಂದುಬಿಡುತ್ತೇವೆ. ನನಗೆ ಕಾಣಲಿಲ್ಲ ಎನ್ನುವುದಕ್ಕೂ ಅಲ್ಲಿ ಇಲ್ಲ ಎನ್ನುವುದಕ್ಕೂ ಇರುವ ಅಂತರವನ್ನು ಜೀವನ ತೋರಿಸಿಕೊಡಲು ವರ್ಷಗಳೇ ಹಿಡಿಯುತ್ತವೆ. ಟೆಸ್ಟ್ ಪಂದ್ಯ ಐದೇ ದಿನದಲ್ಲಿ ತೋರಿಸಿಬಿಡುತ್ತದೆ. ಅದರ ಮೇಲಿನ ನನ್ನ ಅಕ್ಕರೆಗೆ ಇದೂ ಒಂದು ಕಾರಣ.

ಅಷ್ಟಾದರೂ ನಾವು ಕಲಿತೆವೇ? ನ್ಯೂಜಿಲೆಂಡ್ ಸರಣಿ ಮುಗಿದ ಮೂರೇ ವಾರಕ್ಕೆ ಭಾರತ ಪರ್ತ್‌ನಲ್ಲಿ ಮೊದಲ ದಿನವೇ 150ಕ್ಕೆ ಔಟಾದಾಗ, ಮುಗಿಯಿತು ಇವರ ಕತೆ ಎಂದೆವು. ಆ ಟೆಸ್ಟನ್ನು ಭಾರತ 295 ರನ್ನಿನಿಂದ ಗೆದ್ದಿತು. ಇನ್ನು ಆಸ್ಟ್ರೇಲಿಯಾ ಎದ್ದೇಳುವುದಿಲ್ಲ ಎಂದೆವು. ಸರಣಿಯನ್ನು ಆಸ್ಟ್ರೇಲಿಯಾ 3–1ರಿಂದ ಗೆದ್ದಿತು. ಆ ಸರಣಿಯಲ್ಲಿ 32 ವಿಕೆಟ್ ಪಡೆದ ಬೂಮ್ರಾಗೆ ಸಿಡ್ನಿಯ ಕೊನೆಯ ಇನಿಂಗ್ಸಿನಲ್ಲಿ ಬೆನ್ನುನೋವಿನಿಂದ ಒಂದು ಎಸೆತವನ್ನೂ ಹಾಕಲಾಗಲಿಲ್ಲ.

ಮುಂದಿನ ಸರಣಿಗೆ ನಾನೂ ಗೆಳೆಯನೂ ಮತ್ತೆ ಕೂರುತ್ತೇವೆ, ಬೈಟೂ ಕಾಫಿಯೂ ಬರುತ್ತದೆ. ನೀವೂ ಎಲ್ಲೋ ಒಂದು ಚೀಟಿಯ ಬೆನ್ನಿಗೆ ಬರೆಯುತ್ತೀರಿ. ಬರೆಯಿರಿ, ಆದರೆ ಬಲಗಡೆಯ ಪಟ್ಟಿಯಿಂದ ಶುರುಮಾಡಿ. ಯಾವ ಹೆಸರು ನೆನಪಾಗುವುದಿಲ್ಲವೋ ಅಲ್ಲಿ ಪ್ರಶ್ನೆ ಚಿಹ್ನೆ ಹಾಕಿ. ಕೂಡುವಾಗ ಮಾತ್ರ ಅದನ್ನು ಸೊನ್ನೆ ಎಂದು ಓದಬೇಡಿ.