ಆಟಕ್ಕುಂಟು, ಲೆಕ್ಕಕ್ಕಿಲ್ಲ

ದೊಡ್ಡ ಹುಡುಗರ ಆಟಕ್ಕೆ ಪುಟ್ಟ ತಮ್ಮನೊಬ್ಬ ಹಟ ಹಿಡಿದು ಬಂದರೆ, ಅಳಿಸಿ ಕಳಿಸಲಾರದೆ ಅವನನ್ನೂ ಸೇರಿಸಿಕೊಳ್ಳುತ್ತಾರೆ. ಅವನೂ ಓಡುತ್ತಾನೆ, ಕೂಗುತ್ತಾನೆ, ಬಿದ್ದು ಮೊಣಕಾಲು ತರಚಿಕೊಳ್ಳುತ್ತಾನೆ. ಆದರೆ ಅವನು ಔಟಾದರೂ ಔಟಲ್ಲ, ಗೆದ್ದರೂ ಗೆಲವಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ನಾವು ನಗುತ್ತ ಆಡುವ ಈ ಮಾತನ್ನು ನಗದೆ, ಸೂತ್ರ ಬರೆದು ಹೇಳಿದವರು ಅಮೆರಿಕದ ತಳಿವಿಜ್ಞಾನಿ ಸ್ಯೂಅಲ್ ರೈಟ್, 1931ರಲ್ಲಿ.

ಒಂದು ಕೊಳದಲ್ಲಿ ನೂರು ಕಪ್ಪೆಗಳಿವೆ ಎಂದರೆ ಅದು ತಲೆಯೆಣಿಕೆ. ಎಲ್ಲರಿಗೂ ಸಂತಾನದ ಸಮಾನ ಅವಕಾಶವಿರುವ ಒಂದು ಆದರ್ಶ ಸಮುದಾಯವನ್ನು ಕಲ್ಪಿಸಿಕೊಂಡು, ಈ ನಿಜವಾದ ನೂರು ಅಂತಹ ಎಷ್ಟು ಜೀವಿಗಳಿಗೆ ಸಮ ಎಂದು ಕೇಳಿದರೆ ಸಿಗುವ ಉತ್ತರ ಬೇರೆ. ಅದನ್ನು ಪರಿಣಾಮಕ ಸಂಖ್ಯೆ ಎನ್ನಬಹುದು. ನೂರರಲ್ಲಿ ಹತ್ತು ಗಂಡು, ತೊಂಬತ್ತು ಹೆಣ್ಣು ಇದ್ದರೆ ರೈಟ್ ಅವರ ಸೂತ್ರದಂತೆ ಬರುವ ಉತ್ತರ 36. ಕೆಟ್ಟ ಕಾಲದ ನೆನಪಂತೂ ಈ ಲೆಕ್ಕದಿಂದ ಬೇಗ ಅಳಿಯುವುದಿಲ್ಲ. ಮೂರು ಪೀಳಿಗೆಗಳಲ್ಲಿ ಸಂಖ್ಯೆ ನೂರು, ಹತ್ತು, ಮತ್ತೆ ನೂರು ಆದರೆ ಸರಾಸರಿ ಎಪ್ಪತ್ತೆಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ವಂಶವೈವಿಧ್ಯದ ಲೆಕ್ಕದಲ್ಲಿ ಅದು ಬರಿಯ 25. ಒಂದು ಬರಗಾಲವನ್ನು ಎರಡು ಸುಭಿಕ್ಷಗಳು ಸೇರಿಯೂ ತೀರಿಸಲಾರವು.

ಕಪ್ಪೆಗಳ ಜಗತ್ತಿನಲ್ಲಿ ಈ ಅಂತರ ಕಣ್ಣಿಗೆ ಹೊಡೆಯುವಂತಿದೆ. ಇಂಗ್ಲೆಂಡಿನ ಕಡಲತೀರದ ಮರಳುದಿಬ್ಬಗಳಲ್ಲಿ ನ್ಯಾಟರ್‌ಜಾಕ್ ಎಂಬ ನೆಲಗಪ್ಪೆಯಿದೆ. ವಸಂತದ ರಾತ್ರಿಗಳಲ್ಲಿ ಗಂಡುಗಳು ಆಳವಿಲ್ಲದ ನೀರಿನಲ್ಲಿ ಕುಳಿತು ದೂರಕ್ಕೆ ಕೇಳುವಂತೆ ಕೂಗುತ್ತವೆ. ಕೂಗಿದವಕ್ಕೆಲ್ಲ ಜೊತೆ ಸಿಗುವುದಿಲ್ಲ. ಜೊತೆ ಸಿಕ್ಕು, ಹೆಣ್ಣು ಸಾವಿರಾರು ಮೊಟ್ಟೆಗಳ ಸರವನ್ನಿಟ್ಟರೂ, ಗೊದಮೊಟ್ಟೆಗಳಿಗೆ ಕಾಲು ಮೂಡುವ ಮೊದಲೇ ಹೊಂಡ ಒಣಗಿದರೆ ಅಷ್ಟೂ ಮಣ್ಣುಪಾಲು. ಪಕ್ಕದ ಹೊಂಡ ಒಂದು ವಾರ ಹೆಚ್ಚು ತಡೆದರೆ ಆ ವರ್ಷದ ಸಂತಾನವೆಲ್ಲ ಅಲ್ಲಿಯದೇ. ಯೋಗ್ಯತೆ ಎಂದು ನಾವು ಕರೆಯುವುದರಲ್ಲಿ ಒಂದು ಪಾಲು ಹೊಂಡದ ಆಳವಷ್ಟೇ ಎಂದು ನನಗೆ ತೋರುತ್ತದೆ. ಪಶ್ಚಿಮ ಫ್ರಾನ್ಸಿನ ಕೊಳಗಳಲ್ಲಿ ಬಾಲವುಳ್ಳ ಉಭಯಚರಗಳಾದ ಎರಡು ಜಾತಿಯ ನ್ಯೂಟ್‌ಗಳನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಣಾಮಕ ಸಂಖ್ಯೆ ತಲೆಯೆಣಿಕೆಯ ನೂರಕ್ಕೆ ಸುಮಾರು 16 ಮತ್ತು 9 ಮಾತ್ರ ಎಂದು ಕಂಡುಬಂತು.

ಇದು ತಿಳಿಯುವ ಬಗೆ ಸ್ವಾರಸ್ಯವಾದುದು. ಸಣ್ಣ ಹಳ್ಳಿಯಲ್ಲಿ ಒಂದು ಮನೆತನದ ಮೂಗೂ ಅದರ ಅಡ್ಡಹೆಸರೂ ಜೊತೆಯಾಗಿಯೇ ಕಾಣಿಸುತ್ತವೆ. ದೊಡ್ಡ ಪೇಟೆಯಲ್ಲಿ ಅವು ಚದರಿಹೋಗುತ್ತವೆ. ಹಾಗೆಯೇ, ಪರಸ್ಪರ ಸಂಬಂಧವಿಲ್ಲದ ಡಿ.ಎನ್.ಎ. ಗುರುತುಗಳು ಕೆಲವೇ ತಾಯಿತಂದೆಗಳಿಂದ ಹುಟ್ಟಿದ ಮರಿಗಳಲ್ಲಿ ಆಕಸ್ಮಿಕವಾಗಿ ಜೊತೆಗೂಡಿರುತ್ತವೆ. ಆ ಜೊತೆಗೂಡಿಕೆಯನ್ನು ಅಳೆದರೆ ಕಾಣದ ತಾಯಿತಂದೆಗಳ ಸಂಖ್ಯೆಯನ್ನು ಊಹಿಸಬಹುದು. ಆದರೆ ಗುರುತಿಗೂ ಡಿ.ಎನ್.ಎ.ಗೂ ಎಂದು ಕಪ್ಪೆಗಳ ಕಾಲ್ಬೆರಳನ್ನೇ ಕತ್ತರಿಸುವ ಪದ್ಧತಿ ಬಹುಕಾಲ ನಡೆದುಬಂತು. ಮೊದಲನೆಯದರ ನಂತರ ಕತ್ತರಿಸಿದ ಪ್ರತಿ ಬೆರಳಿಗೂ ಆ ಕಪ್ಪೆ ಮತ್ತೆ ಸಿಗುವ ಸಂಭವ ನೂರಕ್ಕೆ 4ರಿಂದ 11ರಷ್ಟು ಕುಗ್ಗುತ್ತದೆಂದು ಆಸ್ಟ್ರೇಲಿಯದ ಮೆಕಾರ್ಥಿ ಮತ್ತು ಪ್ಯಾರಿಸ್ 2004ರಲ್ಲಿ ತೋರಿಸಿದರು. ಉಳಿಸುವುದಕ್ಕಾಗಿ ಎಣಿಸಬೇಕು, ಎಣಿಸುವುದಕ್ಕಾಗಿ ಬೆರಳು ಕತ್ತರಿಸಬೇಕು! ಈಗ ಬಾಯೊಳಗೆ ಹತ್ತಿಯ ಕಡ್ಡಿಯಾಡಿಸಿ ಡಿ.ಎನ್.ಎ. ಪಡೆಯಬಹುದಾಗಿದೆ, ಅಷ್ಟರಮಟ್ಟಿಗೆ ಪಾಪ ಕಡಿಮೆ.

ಕೂಗಿ ಕೂಗಿ ಜೊತೆ ಸಿಗದ ಆ ಗಂಡುಕಪ್ಪೆಗೆ ಬರೋಣ. ಅದು ವ್ಯರ್ಥವೇ? ಅಲ್ಲವೆನ್ನುವುದಕ್ಕೆ ವಿಜ್ಞಾನಿಗಳ ಬಳಿ ಒಂದು ಸಮಾಧಾನವಿದೆ. ಸಮುದಾಯ ಚಿಕ್ಕದಾದಾಗ ಪೈಪೋಟಿ ತಗ್ಗಿ, ಉಳಿದವುಗಳಲ್ಲಿ ಹೆಚ್ಚಿನ ಪಾಲಿಗೆ ಅವಕಾಶ ಸಿಗುತ್ತದೆ. ನ್ಯಾಟರ್‌ಜಾಕ್‌ಗಳಲ್ಲಿ ಇದಕ್ಕೆ ಆಧಾರಗಳನ್ನು ಟ್ರೆವರ್ ಬೀಬಿ 2009ರಲ್ಲಿ ಕೊಟ್ಟರು. ಈ ವರ್ಷ ಲೆಕ್ಕಕ್ಕಿಲ್ಲದ್ದು ಮುಂದಿನ ವರ್ಷ ಲೆಕ್ಕಕ್ಕೆ ಬಂದೀತು. ಸಮಾಧಾನ ಒಳ್ಳೆಯದೇ, ಆದರೆ ನನಗೆ ಅದು ಸಾಲದು. ಮೀಸಲು ಪಡೆಯ ಸಿಪಾಯಿ ಎಂಬ ಕಾರಣಕ್ಕಾಗಿ ಅದನ್ನು ಮನ್ನಿಸುವುದಾದರೆ ನಾವು ಮನ್ನಿಸಿದ್ದು ಉಪಯೋಗವನ್ನೇ ಹೊರತು ಕಪ್ಪೆಯನ್ನಲ್ಲ. ಎಂದೂ ಸಂತಾನವಿಲ್ಲದೆ ಸಾಯುವ ಕಪ್ಪೆಯೂ ಹುಳು ಹಿಡಿದು ತಿಂದಿದೆ, ಕೊಕ್ಕರೆಗೆ ಹೆದರಿದೆ, ಮಳೆಯ ರಾತ್ರಿಯಲ್ಲಿ ಹೊರಬಂದಿದೆ. ಕನ್ನಡದಲ್ಲಿ ಲೆಕ್ಕ ಎಂಬ ಮಾತಿಗೆ ಗಣಿತವೆಂದೂ ಅರ್ಥ, ಗೌರವವೆಂದೂ ಅರ್ಥ. ‘ಅವನು ಯಾವ ಲೆಕ್ಕ?’ ಎನ್ನುವಾಗ ನಾವು ಸಂಖ್ಯೆ ಕೇಳುತ್ತಿಲ್ಲವಷ್ಟೆ. ರೈಟ್ ಅವರ ಸೂತ್ರ ಮೊದಲನೆಯ ಅರ್ಥದ್ದು. ಅದನ್ನು ಎರಡನೆಯದಕ್ಕೆ ಎಳೆಯುವವರು ನಾವು.

ಎಳೆಯದಿರುವುದೂ ಸುಲಭವಲ್ಲ. ಪರಿಣಾಮಕ ಸಂಖ್ಯೆ ಸದ್ಯಕ್ಕೆ 50, ದೀರ್ಘಕಾಲಕ್ಕೆ 500 ಇರಬೇಕೆಂದು ಇಯಾನ್ ಫ್ರಾಂಕ್ಲಿನ್ 1980ರಲ್ಲಿ ಸೂಚಿಸಿದರು. ಅದು ಸಾಲದು, 100 ಮತ್ತು 1000 ಆಗಲಿ ಎಂದು ಫ್ರಾಂಕ್‌ಹ್ಯಾಮ್ ಮತ್ತು ಸಂಗಡಿಗರು 2014ರಲ್ಲಿ ವಾದಿಸಿದರು. ಅರವತ್ತರ ಕೊಳವೊಂದು ಒಂದು ಪಟ್ಟಿಯಲ್ಲಿ ಸದ್ಯಕ್ಕೆ ಕ್ಷೇಮ, ಇನ್ನೊಂದರಲ್ಲಿ ಅಪಾಯ. ಕಪ್ಪೆಗಳಿಗೆ ಮಾತ್ರ ಏನೂ ಗೊತ್ತಿಲ್ಲ. ಆದರೂ ಹಣ ಸ್ವಲ್ಪ, ಕೊಳಗಳು ಹಲವು. ಯಾವುದನ್ನು ಬಿಡುವುದೆಂದು ನಿರ್ಧರಿಸಬೇಕಾದ ಅಧಿಕಾರಿ ಕ್ರೂರಿಯೇನಲ್ಲ. ಸಂಖ್ಯೆಯನ್ನು ನೋಡದೆ ಮರುಕದಿಂದಲೇ ಆರಿಸಿದರೆ ನೋಡಲು ಚೆಲುವಾದುದು ಉಳಿದು, ಕುರೂಪವಾದುದು ಹೋದೀತು. ಅದೇನು ಹೆಚ್ಚಿನ ನ್ಯಾಯ? ಸಂಖ್ಯೆ ಬೇಕು. ಅದು ಎಲ್ಲಿ ಮೊದಲು ಸಹಾಯ ತಲುಪಬೇಕೆಂದು ಹೇಳಲಿ. ಯಾರು ಸಾಯಲು ಅರ್ಹರೆಂದು ಹೇಳುವ ಕೆಲಸ ಅದರದಲ್ಲ.

ಕಾನೂನಿಗೂ ಅದರದೇ ಒಂದು ಲೆಕ್ಕವುಂಟು. ಇಂಗ್ಲೆಂಡಿನ ನಾರ್ಫೋಕಿನಲ್ಲಿದ್ದ ‘ಪೂಲ್’ ಕಪ್ಪೆಯನ್ನು ಯಾರೋ ಹೊರಗಿನಿಂದ ತಂದುಬಿಟ್ಟದ್ದೆಂದು ಬಹುಕಾಲ ಭಾವಿಸಿದ್ದರು. ಪರದೇಶಿಗೆ ರಕ್ಷಣೆಯೇಕೆ? 1990ರ ದಶಕದಲ್ಲಿ ಅದು ಅಲ್ಲಿ ಅಳಿಯಿತು. ಅದು ಅಲ್ಲಿಯದೇ, ಸ್ವೀಡನ್, ನಾರ್ವೆಗಳ ಕಪ್ಪೆಗಳ ಹತ್ತಿರದ ಬಂಧು ಎಂಬುದಕ್ಕೆ ಕೂಗೂ ಹಳೆಯ ಎಲುಬೂ ಡಿ.ಎನ್.ಎ.ಯೂ ಸಾಕ್ಷಿ ನುಡಿದು ಮಾತು ಇತ್ಯರ್ಥವಾಗುವ ಹೊತ್ತಿಗೆ, ಮನ್ನಿಸಬೇಕಾದ ಕಪ್ಪೆ ಒಂದೂ ಉಳಿದಿರಲಿಲ್ಲ. 2005ರಿಂದ ಸ್ವೀಡನ್ನಿನಿಂದ ಕಪ್ಪೆಗಳನ್ನು ತಂದು ನಾರ್ಫೋಕಿನ ಕೊಳಗಳಲ್ಲಿ ಬಿಟ್ಟರು.